ಸಂಜೆ ಆರೂವರೆ ಆದಮೇಲೆ ಕರೆಂಟು ಎಲ್ಲಿಂದ ಬರುತ್ತದೆ?

ಕಲ್ಲಿದ್ದಲು ಸುಡುವುದನ್ನು ನಮ್ಮಂಥ ದೇಶಗಳು ಯಾಕೆ ಇನ್ನೂ ಬಿಟ್ಟಿಲ್ಲ ಅಂತ ಯಾರಾದರೂ ಕೇಳಿದರೆ ಥಟ್ಟನೆ ಒಂದು ಉತ್ತರ ಬರುತ್ತದೆ. ಅದು ಅಗ್ಗ, ನಾವು ಬಡವರು, ಇನ್ನೇನು ಮಾಡೋಕಾಗುತ್ತೆ ಅಂತ. ಈ ಉತ್ತರ ಅರ್ಧ ಸರಿ. ತಪ್ಪಾಗಿರುವ ಇನ್ನರ್ಧವೇ ನಮ್ಮನ್ನು ದಾರಿ ತಪ್ಪಿಸುತ್ತಿರುವುದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಊರು ಮಳವಳ್ಳಿ ತಾಲ್ಲೂಕು. ಊರಲ್ಲಿ ಅಪ್ಪ ಕಬ್ಬು, ರಾಗಿ, ಸ್ವಲ್ಪ ಹಿಪ್ಪುನೇರಳೆ ಬೆಳೆಯುತ್ತಾರೆ, ಬೋರ್‌ವೆಲ್ ಇದೆ. ಹಾಗಾಗಿ ಒಂದೇ ನಿಮಿಷ ಕರೆಂಟು ಹೋದರೂ ಲಕ್ಷಗಟ್ಟಲೆ ಮಾಲು ಹಾಳಾಗುವ ಜಾಗವನ್ನೂ ನೋಡಿದ್ದೇನೆ, ಪಂಪ್ ಓಡಿಸುವ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಅಂತ ಸ್ಟಾರ್ಟರ್ ಪಕ್ಕದಲ್ಲಿ ಕಾದು ಕೂರುವ ಜಾಗವನ್ನೂ ನೋಡಿದ್ದೇನೆ.

ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದಲೇ ಶುರು ಮಾಡುತ್ತೇನೆ. 1902ರಲ್ಲಿ ಅಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ದಿವಾನ್ ಶೇಷಾದ್ರಿ ಅಯ್ಯರ್ ಹಿಡಿದು ಮಾಡಿಸಿದ ಕೆಲಸ ಅದು. ಅಲ್ಲಿಯವರೆಗೆ ಗಣಿಯಲ್ಲಿ ಓಡುತ್ತಿದ್ದದ್ದು ಹಬೆ ಯಂತ್ರಗಳು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಅಂದರೆ ಜಗತ್ತಿನ ದೊಡ್ಡ ದೊಡ್ಡ ಊರುಗಳು ಕಲ್ಲಿದ್ದಲು ಸುಟ್ಟು ದೀಪ ಹಚ್ಚುತ್ತಿದ್ದ ಕಾಲದಲ್ಲಿ ಮೈಸೂರು ಸೀಮೆ ನೀರಿನಿಂದ ಶುರು ಮಾಡಿತು. ಆಮೇಲೆ 1940ರಲ್ಲಿ ಶಿಂಷಾ ಬಂತು, ನಂತರ ಜೋಗ, 60ರ ದಶಕದಲ್ಲಿ ಶುರುವಾಗಿ ಈಗ 1,035 ಮೆಗಾವ್ಯಾಟ್‌ನ ಶರಾವತಿ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಗುವವರೆಗೆ ಕರ್ನಾಟಕದ ಕರೆಂಟು ಅಂದರೆ ಹೆಚ್ಚು ಕಡಿಮೆ ಪೂರ್ತಿ ನೀರಿನ ಕರೆಂಟೇ.

ನಮ್ಮ ರಾಜ್ಯದಲ್ಲಿ ಒಂದೇ ಒಂದು ಕಲ್ಲಿದ್ದಲು ಗಣಿ ಇಲ್ಲ. ಆದರೂ ನಾವು ಒಡಿಶಾದಿಂದ, ತೆಲಂಗಾಣದ ಸಿಂಗರೇಣಿಯಿಂದ ರೈಲಿನಲ್ಲಿ ಕಲ್ಲಿದ್ದಲು ತರಿಸಿ ಸುಡುವುದಕ್ಕೆ ಶುರು ಮಾಡಿದೆವು. ಯಾಕೆ? ಮಳೆಯನ್ನು ನಂಬಿ ಕೆಟ್ಟಿದ್ದಕ್ಕೆ. 70-80ರ ದಶಕದಲ್ಲಿ ಮಳೆ ಕೈಕೊಟ್ಟ ವರ್ಷವೆಲ್ಲ ರಾಜ್ಯದಲ್ಲಿ ವಿದ್ಯುತ್ ಕಡಿತ. ಜಲಾಶಯ ಖಾಲಿ ಆದರೆ ಟರ್ಬೈನ್ ನಿಲ್ಲುತ್ತದೆ, ಬೇರೆ ದಾರಿ ಇರಲಿಲ್ಲ. ರಾಯಚೂರು ಇವತ್ತು 1,720 ಮೆಗಾವ್ಯಾಟ್. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ 1,700, ಯರಮರಸ್‌ನಲ್ಲಿ 1,600, ಉಡುಪಿಯಲ್ಲಿ ಹೊರದೇಶದ ಕಲ್ಲಿದ್ದಲು ಸುಡುವ 1,200, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ 2,400. ಕೂಡಗಿಯದ್ದು ಬೇರೆ ರಾಜ್ಯಗಳಿಗೂ ಹಂಚಿಕೆ ಆಗುತ್ತದೆ.

2023 ನೆನಪಿರಬೇಕು. ಮುಂಗಾರು ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ, ಸರ್ಕಾರ ನೂರಾರು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಮಳೆ ಬಂದಿದ್ದರೆ ಆ ತಿಂಗಳುಗಳಲ್ಲಿ ಪಂಪ್‌ಸೆಟ್‌ಗಳು ಸುಮ್ಮನಿರುತ್ತಿದ್ದವು. ಬರಲಿಲ್ಲ, ಹಾಗಾಗಿ ಮಂಡ್ಯದಿಂದ ಬೀದರ್‌ವರೆಗೆ ಎಲ್ಲ ಪಂಪೂ ಒಟ್ಟಿಗೆ ಓಡಿತು. ನೀರಿನ ಕರೆಂಟು ಕಡಿಮೆ ಆದದ್ದೂ ಕರೆಂಟಿನ ಬೇಡಿಕೆ ಏರಿದ್ದೂ ಒಂದೇ ಕಾರಣಕ್ಕೆ, ಒಂದೇ ತಿಂಗಳಲ್ಲಿ! ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ ಏಳು ಗಂಟೆ ಕೊಡುವ ಬದಲು ಐದೇ ಗಂಟೆ ತ್ರೀ ಫೇಸ್ ಅಂದರು. ಖಾಸಗಿ ಉತ್ಪಾದಕರು ಹೊರಗೆ ಮಾರಬಾರದು ಅಂತ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿದರು. ಪಂಜಾಬ್, ಉತ್ತರ ಪ್ರದೇಶದಿಂದ ಆಮೇಲೆ ವಾಪಸ್ ಕೊಡುವ ಲೆಕ್ಕದಲ್ಲಿ ಕರೆಂಟು ತಂದರು. ಆ ವರ್ಷ ನಮ್ಮ ಬೆಳೆ ಅಷ್ಟೋ ಇಷ್ಟೋ ಕೈಗೆ ಸಿಕ್ಕಿದ್ದರೆ ಅದರಲ್ಲಿ ರಾಯಚೂರು, ಬಳ್ಳಾರಿಯ ಬಾಯ್ಲರ್‌ಗಳ ಪಾಲು ದೊಡ್ಡದು. ಕಲ್ಲಿದ್ದಲನ್ನು ಬಯ್ಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಅಗ್ಗ ಅನ್ನೋದಕ್ಕಿಂತ, ಕರೆದಾಗ ಬರುತ್ತದೆ ಅನ್ನೋದು ದೊಡ್ಡ ಕಾರಣ.

ಕರೆದಾಗ ಬರುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ರೈತರಿಂದ ಸುಮಾರು 13,000 ಎಕರೆ ಗುತ್ತಿಗೆಗೆ ತಗೊಂಡು ಮಾಡಿದ್ದು. ಸೋಲಾರ್, ಗಾಳಿ ಎರಡರಲ್ಲೂ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು. ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗ್ರಿಡ್‌ನಲ್ಲಿ ಕರೆಂಟು ತುಂಬಿ ತುಳುಕುತ್ತದೆ. ಸಂಜೆ ಆರೂವರೆಗೆ ಸೋಲಾರ್ ಸೊನ್ನೆ. ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ, ಫ್ಯಾನು, ಮಿಕ್ಸಿ, ಅಂಗಡಿಗಳ ಬೋರ್ಡು, ನಮ್ಮ ಕಾರ್ಖಾನೆಯ ಸೆಕೆಂಡ್ ಶಿಫ್ಟು. ಒಂದೆರಡು ಗಂಟೆಯೊಳಗೆ ಸಾವಿರಾರು ಮೆಗಾವ್ಯಾಟ್ ಬೇರೆ ಕಡೆಯಿಂದ ಬರಬೇಕು.

ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕಲ್ಲಿದ್ದಲು ಬಾಯ್ಲರನ್ನು ಬೇಕೆಂದಾಗ ಆಫ್ ಮಾಡಿ ಬೇಕೆಂದಾಗ ಆನ್ ಮಾಡಲು ಬರುವುದಿಲ್ಲ. ಪೂರ್ತಿ ತಣ್ಣಗಾದ ಘಟಕವನ್ನು ಮತ್ತೆ ಎಬ್ಬಿಸಲು ಹತ್ತಾರು ಗಂಟೆ ಹಿಡಿಯುತ್ತದೆ, ಎಣ್ಣೆ ಸುರಿಯಬೇಕು, ಪೈಪುಗಳು ಬಿಸಿ ಆಗಿ ತಣ್ಣಗಾಗಿ ಸವೆಯುತ್ತವೆ. ಅದಕ್ಕೇ ಮಧ್ಯಾಹ್ನ ಸೋಲಾರ್ ಜಾಸ್ತಿ ಇದ್ದಾಗಲೂ ಅವನ್ನು ಸುಮಾರು ಶೇ 55ರ ಮಟ್ಟಕ್ಕೆ ಇಳಿಸಿ ಉರಿಸುತ್ತಾ ಇಟ್ಟಿರುತ್ತಾರೆ, ಸಂಜೆಗೆ ಬೇಕಲ್ಲ ಅಂತ. ಅಂದರೆ ಮಧ್ಯಾಹ್ನ ಸುಡುವ ಕಲ್ಲಿದ್ದಲಿನಲ್ಲಿ ಒಂದು ಪಾಲು ಸಂಜೆಯ ಲೆಕ್ಕಕ್ಕೇ ಸೇರಿದ್ದು. ಇನ್ನಷ್ಟು ಸೋಲಾರ್ ಹಾಕಿಬಿಟ್ಟರೆ ಕಲ್ಲಿದ್ದಲು ತಾನಾಗಿ ಹೋಗುತ್ತದೆ ಅನ್ನುವವರು ಈ ಲೆಕ್ಕವನ್ನು ಬಿಟ್ಟಿರುತ್ತಾರೆ. 2025ರಲ್ಲಿ ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಅನಿಲ ಬಿಟ್ಟು ಉಳಿದದ್ದು ಅರ್ಧ ಮುಟ್ಟಿತು. ಸಂತೋಷದ ವಿಷಯವೇ. ಆದರೆ ನಿಜವಾಗಿ ಉತ್ಪಾದನೆ ಆಗುವ ಯೂನಿಟ್‌ಗಳಲ್ಲಿ ಶೇ 70ರ ಆಸುಪಾಸು ಇನ್ನೂ ಕಲ್ಲಿದ್ದಲಿನದ್ದೇ.

ಈಗ ದುಡ್ಡಿನ ವಿಷಯ. ಇದನ್ನು ಬಿಡಿಸದೆ ಮುಂದೆ ಹೋಗಲು ಆಗುವುದಿಲ್ಲ.

ಕಲ್ಲಿದ್ದಲು ಕರೆಂಟು ಅಗ್ಗ ಅನ್ನುವಾಗ ಯಾವ ಕಲ್ಲಿದ್ದಲು ಅಂತ ಕೇಳಬೇಕು. ಉತ್ತರ ಪ್ರದೇಶದ ಸಿಂಗ್ರೌಲಿಯಲ್ಲಿ ಎನ್‌ಟಿಪಿಸಿಯ ಮೊದಲ ಸ್ಥಾವರ 1982ರಿಂದ ಓಡುತ್ತಿದೆ. ಗಣಿಯ ಬಾಯಲ್ಲೇ ಇದೆ, ಸಾಗಣೆ ಖರ್ಚಿಲ್ಲ, ಕಟ್ಟಿದ ಸಾಲ ಯಾವತ್ತೋ ತೀರಿದೆ. ಸಾಲ ತೀರಿದ ಹಳೇ ಟ್ರ್ಯಾಕ್ಟರ್ ಇದ್ದ ಹಾಗೆ, ಡೀಸೆಲ್ ಹಾಕಿದರೆ ಸಾಕು ಓಡುತ್ತದೆ, ಹೊಗೆ ಬಂದರೂ ಯಾರೂ ಗುಜರಿಗೆ ಹಾಕುವುದಿಲ್ಲ. ಇಂಥ ಸ್ಥಾವರಗಳ ಕರೆಂಟು ನಿಜಕ್ಕೂ ಅಗ್ಗ. ಆದರೆ ಅದೇ ಕಲ್ಲಿದ್ದಲು ಸಾವಿರ ಕಿಲೋಮೀಟರ್ ರೈಲಿನಲ್ಲಿ ರಾಯಚೂರಿಗೆ ಬಂದರೆ, ಗಣಿಯ ಬೆಲೆಗಿಂತ ಸಾಗಣೆಯೇ ಜಾಸ್ತಿ ಆಗುವುದುಂಟು. ಹೊಸದಾಗಿ ಕಟ್ಟುವ ಸ್ಥಾವರದ್ದಂತೂ ಬೇರೆಯೇ ಕಥೆ. 2025ರಲ್ಲಿ ಬಿಹಾರದ ಪೀರ್‌ಪೈಂತಿಯ 2,400 ಮೆಗಾವ್ಯಾಟ್ ಯೋಜನೆಗೆ ಒಪ್ಪಿದ ದರ ಯೂನಿಟ್‌ಗೆ 6 ರೂಪಾಯಿಗಿಂತ ಮೇಲೆ. ಸೋಲಾರ್ ದರ 2020ರ ಡಿಸೆಂಬರ್‌ನಲ್ಲಿ ಗುಜರಾತ್‌ನ ಹರಾಜಿನಲ್ಲಿ 1 ರೂಪಾಯಿ 99 ಪೈಸೆಗೆ ಇಳಿದಿತ್ತು, ಈಚೆಗೆ ಎರಡೂವರೆ ರೂಪಾಯಿ ಆಸುಪಾಸು ಇದೆ. ಹಾಗಾಗಿ ಹೊಸ ಕಲ್ಲಿದ್ದಲು ಹೊಸ ಸೋಲಾರ್‌ಗಿಂತ ಅಗ್ಗ ಅನ್ನೋದು ಈಗ ಸುಳ್ಳು. ಅಗ್ಗ ಇರುವುದು ಹಳೆಯದು, ಈಗಾಗಲೇ ಕಟ್ಟಿ ಮುಗಿದದ್ದು.

ಹಾಗಿದ್ದರೆ ಎಲ್ಲರೂ ಸೋಲಾರ್‌ಗೇ ಹೋಗಬಹುದಿತ್ತಲ್ಲ? ಅಲ್ಲಿ ಅಡ್ಡ ಬರುವುದು ಬಡ್ಡಿ. ಸೋಲಾರ್‌ನಲ್ಲಿ ಇಂಧನದ ಖರ್ಚಿಲ್ಲ, ಪೂರ್ತಿ ಖರ್ಚು ಮೊದಲ ದಿನವೇ. ಸುಮ್ನೆ ಲೆಕ್ಕಕ್ಕೆ ಒಂದು ಮೆಗಾವ್ಯಾಟ್‌ನ ಸಣ್ಣ ಘಟಕ ಅಂದುಕೊಳ್ಳಿ, ಅದಕ್ಕೆ 3 ಕೋಟಿ ಸಾಲ ತೆಗೆದಿದ್ದೀರಿ. ವರ್ಷಕ್ಕೆ ಹೆಚ್ಚು ಕಡಿಮೆ 17 ಲಕ್ಷ ಯೂನಿಟ್ ಬರುತ್ತದೆ. ಶೇ 4ರ ಬಡ್ಡಿಗೆ ಸಾಲ ಸಿಕ್ಕರೆ ಮೊದಲ ವರ್ಷದ ಬಡ್ಡಿ 12 ಲಕ್ಷ, ಯೂನಿಟ್‌ಗೆ 70 ಪೈಸೆ. ಶೇ 10 ಆದರೆ 30 ಲಕ್ಷ, ಯೂನಿಟ್‌ಗೆ ಒಂದೂಮುಕ್ಕಾಲು ರೂಪಾಯಿ. ಶೇ 15 ಆದರೆ 45 ಲಕ್ಷ, ಯೂನಿಟ್‌ಗೆ ಎರಡೂವರೆ ರೂಪಾಯಿ ದಾಟುತ್ತದೆ. ಪ್ಯಾನಲ್ ಅದೇ, ಬಿಸಿಲು ಅದೇ, ಬರೀ ಬಡ್ಡಿಯಲ್ಲೇ ಇಷ್ಟು ವ್ಯತ್ಯಾಸ. ಶ್ರೀಮಂತ ದೇಶಗಳಿಗಿಂತ ನಮ್ಮಂಥ ದೇಶಗಳಲ್ಲಿ ಇಂಥ ಯೋಜನೆಗಳ ಬಂಡವಾಳದ ವೆಚ್ಚ ಎರಡು ಪಟ್ಟಿಗೂ ಜಾಸ್ತಿ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೇ ಹೇಳುತ್ತಾ ಬಂದಿದೆ. ಆಫ್ರಿಕಾದ ಎಷ್ಟೋ ದೇಶಗಳಿಗೆ ಇನ್ನೂ ಕಷ್ಟ. ಬಿಸಿಲು ಧಾರಾಳವಾಗಿರುವ ಕಡೆ ದುಡ್ಡು ದುಬಾರಿ, ದುಡ್ಡು ಸುಲಭವಾಗಿ ಸಿಗುವ ಕಡೆ ಬಿಸಿಲು ಕಡಿಮೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಒಪ್ಪಂದಗಳದ್ದು ಇನ್ನೊಂದು ಗಂಟು. ಕಲ್ಲಿದ್ದಲು ಸ್ಥಾವರದ ಜೊತೆ ವಿದ್ಯುತ್ ಕಂಪನಿಗಳು 25 ವರ್ಷಕ್ಕೆ ಸಹಿ ಹಾಕಿರುತ್ತವೆ. ಕರೆಂಟು ತಗೊಂಡರೂ ಬಿಟ್ಟರೂ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು. ಕಟ್ಟುವುದು ಹೇಗೂ ತಪ್ಪಲ್ಲ ಅಂದಮೇಲೆ ಉರಿಸಿಯೇ ಬಿಡೋಣ ಅನ್ನಿಸುವುದು ಸಹಜ. ಇಂಡೋನೇಷ್ಯಾದಲ್ಲಿ ಇದೇ ಕಾಯಿಲೆ. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಜಾವಾ-ಬಾಲಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕಲ್ಲಿದ್ದಲು ಕರೆಂಟಿಗೆ ಒಪ್ಪಂದ ಮಾಡಿಕೊಂಡು ಕೂತಿತು, ಮೇಲಿಂದ ಒಳದೇಶದ ಸ್ಥಾವರಗಳಿಗೆ ಕಲ್ಲಿದ್ದಲು ಟನ್ನಿಗೆ 70 ಡಾಲರ್ ಮೀರಬಾರದು ಅಂತ ಸರ್ಕಾರವೇ ಕಟ್ಟು ಹಾಕಿದೆ. ಸೋಲಾರ್ ನುಗ್ಗಲು ಜಾಗವೇ ಇಲ್ಲ.

ಬಾಂಗ್ಲಾದೇಶದ್ದು ಇದಕ್ಕೆ ಉಲ್ಟಾ ಪಾಠ. ಪಾಯ್ರಾದಲ್ಲಿ 1,320 ಮೆಗಾವ್ಯಾಟ್‌ನ ಹೊಸ ಸ್ಥಾವರ ಕಟ್ಟಿಕೊಂಡರು, ಕಲ್ಲಿದ್ದಲು ಹೊರಗಿನಿಂದ ಬರಬೇಕು. 2023ರ ಜೂನ್‌ನಲ್ಲಿ, ಸೆಕೆ ಜೋರಾಗಿದ್ದ ದಿನಗಳಲ್ಲೇ, ಡಾಲರ್ ಇಲ್ಲದೆ ಕಲ್ಲಿದ್ದಲು ಬರದೆ ಸ್ಥಾವರ ನಿಂತಿತು. ಕಲ್ಲಿದ್ದಲು ಇದ್ದರೆ ನಂಬಿಕೆಯ ಕರೆಂಟು ಅನ್ನುವುದು ನಿಮ್ಮದೇ ನೆಲದಲ್ಲಿ ಅದು ಸಿಕ್ಕರೆ ಮಾತ್ರ ನಿಜ. ಸಿಕ್ಕರೂ ಪೂರ್ತಿ ನಂಬುವ ಹಾಗಿಲ್ಲ, ನಮ್ಮಲ್ಲೂ 2021ರ ಅಕ್ಟೋಬರ್ ಹೊತ್ತಿಗೆ ದೇಶದ ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನಕ್ಕಾಗುವಷ್ಟೇ ದಾಸ್ತಾನು ಉಳಿದಿತ್ತು.

ಇನ್ನು ಅನಿಲ. ಅಮೆರಿಕ ಕಲ್ಲಿದ್ದಲು ಕಡಿಮೆ ಮಾಡಿದ್ದು, ಬ್ರಿಟನ್ ಬಿಟ್ಟದ್ದು ನೇರವಾಗಿ ಸೋಲಾರ್‌ಗೆ ಜಿಗಿದಲ್ಲ, ನಡುವೆ ಅವರಿಗೆ ತಮ್ಮದೇ ನೆಲದ, ಸಮುದ್ರದ ಗ್ಯಾಸ್ ಇತ್ತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲು ಕರೆಂಟು ಶುರು ಮಾಡಿದ ಬ್ರಿಟನ್ ತನ್ನ ಕೊನೆಯ ಸ್ಥಾವರ ಮುಚ್ಚಿದ್ದು 2024ರ ಸೆಪ್ಟೆಂಬರ್ 30ರಂದು, 142 ವರ್ಷ ಸುಟ್ಟಮೇಲೆ. ಭಾರತದಲ್ಲಿ ಸುಮಾರು 20 ಗಿಗಾವ್ಯಾಟ್ (20,000 ಮೆಗಾವ್ಯಾಟ್) ಗ್ಯಾಸ್ ಸ್ಥಾವರಗಳಿವೆ, ಬಹುಪಾಲು ಸುಮ್ಮನೆ ನಿಂತಿವೆ, ಯಾಕೆಂದರೆ ಆಮದು ಗ್ಯಾಸ್ ಕೈಗೆಟುಕುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಯುರೋಪಿನ ದೇಶಗಳು ಎಷ್ಟಾದರೂ ಸರಿ ಅಂತ ದುಡ್ಡು ಸುರಿದು ಗ್ಯಾಸ್ ಹಡಗುಗಳನ್ನು ಎಳೆದುಕೊಂಡವು. ಪಾಕಿಸ್ತಾನ, ಬಾಂಗ್ಲಾದೇಶ ಕತ್ತಲೆಯಲ್ಲಿ ಕೂತವು. ಜರ್ಮನಿ ಪಕ್ಕಕ್ಕಿಟ್ಟಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಓಡಿಸಿತು. ಕಷ್ಟ ಬಂದಾಗ ಅವರೂ ಅದನ್ನೇ ಮಾಡಿದರು. ಇದಕ್ಕೆ ಹಿಂದಿನ ವರ್ಷವಷ್ಟೇ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಭಾರತ ಕಲ್ಲಿದ್ದಲನ್ನು ಪೂರ್ತಿ ನಿಲ್ಲಿಸುತ್ತೇವೆ ಅನ್ನುವ ಬದಲು ಕಡಿಮೆ ಮಾಡುತ್ತೇವೆ ಅಂತ ಬರೆಸಿದ್ದಕ್ಕೆ ಎಷ್ಟು ಬೈಗುಳ ಬಂದಿತ್ತು!

ಈ ವಿಷಯದಲ್ಲಿ ನಾನು ನಮ್ಮ ದೇಶದ ಪರ. ಇದುವರೆಗೆ ಗಾಳಿಗೆ ಸೇರಿದ ಇಂಗಾಲದಲ್ಲಿ ಅಮೆರಿಕ ಒಂದರದ್ದೇ ಸುಮಾರು ನಾಲ್ಕನೇ ಒಂದು ಭಾಗ. ಭಾರತದ್ದು ಶೇ 4ರ ಆಸುಪಾಸು, ಜನ ಮಾತ್ರ ಜಗತ್ತಿನ ಆರನೇ ಒಂದು ಭಾಗಕ್ಕಿಂತ ಜಾಸ್ತಿ. ನಮ್ಮಲ್ಲಿ ಒಬ್ಬರು ವರ್ಷಕ್ಕೆ ಬಳಸುವ ಕರೆಂಟು ಸರಾಸರಿ 1,400 ಯೂನಿಟ್, ಅಮೆರಿಕದವರದ್ದು 12,000ಕ್ಕೂ ಮೇಲೆ. ಈಗಷ್ಟೇ ಒಂದು ಫ್ರಿಜ್, ಒಂದು ವಾಷಿಂಗ್ ಮೆಷೀನ್ ಕೊಂಡ ಮನೆಗೆ ನೀನು ಜಗತ್ತನ್ನು ಹಾಳು ಮಾಡುತ್ತಿದ್ದೀಯಾ ಅಂತ ಹೇಳುವ ಹಕ್ಕು ಅವರಿಗಿಲ್ಲ.

ಆದರೆ ನಮ್ಮೊಳಗಿನ ಲೆಕ್ಕ ಬೇರೆ. ಅದು ನನ್ನನ್ನು ಜಾಸ್ತಿ ಕಾಡುತ್ತದೆ.

ಮೈಸೂರಿನವರಿಗೆ ಚಾಮಲಾಪುರ ನೆನಪಿರಬಹುದು. 2007ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಚಾಮಲಾಪುರದ ಹತ್ತಿರ 1,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ತರಲು ಹೊರಟಿದ್ದರು. ನಾಗರಹೊಳೆ ಕಾಡು ದೂರವಿಲ್ಲ, ಕಬಿನಿ ನೀರಿನ ಸೀಮೆ, ಫಲವತ್ತಾದ ಭೂಮಿ. ರೈತರು ಎದ್ದರು, ಮೈಸೂರಿನ ಓದಿದ ಜನ ಎದ್ದರು, ಪರಿಸರದವರು, ಬರಹಗಾರರು, ವಿದ್ಯಾರ್ಥಿಗಳು. ಡಿಪ್ಲೊಮಾ ಓದುತ್ತಿದ್ದ ನಾವು ಕೆಲವರು ಹೋಗಿ ನಿಂತಿದ್ದೆವು. ಕೊನೆಗೆ ಸರ್ಕಾರ ಕೈಬಿಟ್ಟಿತು. ಆ ಹೋರಾಟ ಸರಿಯಾಗಿತ್ತು, ಇವತ್ತೂ ಹಾಗೇ ಹೇಳುತ್ತೇನೆ.

ಆದರೆ ಅದಾದ ಮೇಲೆ ಮೈಸೂರು ಕರೆಂಟು ಬಳಸುವುದನ್ನು ಕಡಿಮೆ ಮಾಡಲಿಲ್ಲ. ರಿಂಗ್ ರೋಡಿನಾಚೆ ಬಡಾವಣೆ ಮೇಲೆ ಬಡಾವಣೆ ಬಂತು, ಮನೆಗೆ ಎಸಿ ಬಂತು, ನಮ್ಮ ಏರಿಯಾದಲ್ಲೇ ಎಷ್ಟೋ ಹೊಸ ಘಟಕಗಳು ಬಂದವು. ಆ ಕರೆಂಟು ಎಲ್ಲಿಂದಲೋ ಬರಲೇಬೇಕಿತ್ತಲ್ಲ? ರಾಯಚೂರಿನಿಂದ ಬಂತು, ಬಳ್ಳಾರಿಯಿಂದ, ಕೂಡಗಿಯಿಂದ ಬಂತು. ಕೂಡಗಿಯಲ್ಲೂ ರೈತರು ಬೇಡ ಅಂದಿದ್ದರು. 2014ರ ಜುಲೈನಲ್ಲಿ ಅವರ ಪ್ರತಿಭಟನೆ ಮೇಲೆ ಗೋಲಿಬಾರ್ ಆಯಿತು. ಸ್ಥಾವರ ನಿಲ್ಲಲಿಲ್ಲ. ಅವರ ಬೇಡಕ್ಕೂ ನಮ್ಮ ಬೇಡಕ್ಕೂ ಏನು ವ್ಯತ್ಯಾಸ ಇತ್ತು? ನಮ್ಮ ಹಿಂದೆ ಒಂದು ದೊಡ್ಡ ಊರು ಇತ್ತು, ಪತ್ರಿಕೆಗಳಿದ್ದವು, ಹೆಸರು ಮಾಡಿದ ಜನ ಇದ್ದರು.

ರಾಯಚೂರಿನ 1,720 ಮೆಗಾವ್ಯಾಟ್ ಪೂರ್ತಿ ಓಡಿದರೆ ದಿನಕ್ಕೆ 25 ಸಾವಿರ ಟನ್ ಆಸುಪಾಸು ಕಲ್ಲಿದ್ದಲು ಬೇಕು, ಅಂದರೆ ಆರೇಳು ಗೂಡ್ಸ್ ರೈಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೂದಿಯೇ. ಆ ಬೂದಿ ಹೊಂಡಗಳ ಪಕ್ಕದಲ್ಲೂ ಊರುಗಳಿವೆ. ಬೇಸಿಗೆ ಗಾಳಿಗೆ ಒಗೆದ ಬಟ್ಟೆ ಮೇಲೆ, ಕುಡಿಯುವ ನೀರಿನ ಮೇಲೆ ಹಾರುಬೂದಿ. ಗಂಧಕದ ಹೊಗೆ ತಡೆಯುವ ಯಂತ್ರ ಹಾಕಿ ಅಂತ 2015ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಡುವು ಮುಂದೆ ಹೋಗುತ್ತಲೇ ಇತ್ತು, ಕೊನೆಗೆ 2025ರ ಜುಲೈನಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಸ್ಥಾವರಗಳಿಗೆ ಅದು ಬೇಡವೇ ಬೇಡ ಅಂತ ವಿನಾಯಿತಿ ಕೊಟ್ಟರು. ಯಂತ್ರ ಹಾಕಿದ್ದರೆ ಯೂನಿಟ್‌ಗೆ ಒಂದಷ್ಟು ಪೈಸೆ ಜಾಸ್ತಿ ಆಗುತ್ತಿತ್ತು, ನಮ್ಮ ಬಿಲ್ಲಿಗೆ ಬರುತ್ತಿತ್ತು. ಈಗ ಬಿಲ್ಲಿಗೆ ಬರುವುದಿಲ್ಲ, ಶಕ್ತಿನಗರದ ಸುತ್ತಮುತ್ತಲಿನ ಮಕ್ಕಳ ಎದೆಗೂಡಿಗೆ ಹೋಗುತ್ತದೆ. ಜಾರ್ಖಂಡ್‌ನ ಝರಿಯಾದಲ್ಲಿ ನೆಲದಡಿ ಹತ್ತಿದ ಬೆಂಕಿ ನೂರು ವರ್ಷದಿಂದ ಉರಿಯುತ್ತಿದೆ, ಅದರ ಮೇಲೇ ಜನ ವಾಸ ಮಾಡುತ್ತಿದ್ದಾರೆ. ಕಲ್ಲಿದ್ದಲು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಅದರ ಬೆಲೆಯಲ್ಲಿ ದೊಡ್ಡ ಪಾಲನ್ನು ಬೇರೆಯವರು ಕಟ್ಟುತ್ತಿದ್ದಾರೆ.

ಬಿಡುವುದು ಕಷ್ಟ ಆಗಿರುವುದಕ್ಕೆ ಕಲ್ಲಿದ್ದಲು ಕರೆಂಟಿನಾಚೆಗೂ ಹಬ್ಬಿರುವುದು ಕಾರಣ. ಮಂಡ್ಯದಿಂದ ಬೆಂಗಳೂರಿಗೆ ದಿನಾ ಮೆಮು, ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುವವರು ಎಷ್ಟೋ ಜನ. ಆ ಟಿಕೆಟ್ ಅಷ್ಟು ಕಡಿಮೆ ಇರುವುದು ಗೂಡ್ಸ್ ರೈಲಿನ ಆದಾಯದಿಂದ, ಗೂಡ್ಸ್‌ನಲ್ಲಿ ಸಿಂಹಪಾಲು ಕಲ್ಲಿದ್ದಲಿನದ್ದು. 2022ರ ಏಪ್ರಿಲ್-ಮೇನಲ್ಲಿ ಕಲ್ಲಿದ್ದಲು ರೈಲಿಗೆ ದಾರಿ ಬಿಡಲು ದೇಶದಲ್ಲಿ ನೂರಾರು ಪ್ರಯಾಣಿಕ ರೈಲು ಸಂಚಾರ ರದ್ದು ಮಾಡಿದ್ದರು. ಒಡಿಶಾ, ಛತ್ತೀಸ್‌ಗಢ, ಜಾರ್ಖಂಡ್ ಸರ್ಕಾರಗಳ ಖಜಾನೆಗೆ ಕಲ್ಲಿದ್ದಲಿನ ರಾಯಲ್ಟಿ ಬೇಕು. ಕೋಲ್ ಇಂಡಿಯಾದಲ್ಲಿ ನೇರ ಕೆಲಸಗಾರರೇ 2 ಲಕ್ಷಕ್ಕೂ ಜಾಸ್ತಿ. 2024-25ರಲ್ಲಿ ದೇಶ 100 ಕೋಟಿ ಟನ್‌ಗಿಂತ ಜಾಸ್ತಿ ಕಲ್ಲಿದ್ದಲು ಅಗೆಯಿತು, 2032ರ ಹೊತ್ತಿಗೆ ಇನ್ನೂ ಕನಿಷ್ಠ 80 ಗಿಗಾವ್ಯಾಟ್ ಹೊಸ ಸ್ಥಾವರ ಬೇಕು ಅಂತ ಕೇಂದ್ರದ ಲೆಕ್ಕ. ದಕ್ಷಿಣ ಆಫ್ರಿಕಾಕ್ಕೆ ಕಲ್ಲಿದ್ದಲಿನಿಂದ ಹೊರಬರಲು 2021ರಲ್ಲಿ 850 ಕೋಟಿ ಡಾಲರ್ ಕೊಡುತ್ತೇವೆ ಅಂತ ಶ್ರೀಮಂತ ದೇಶಗಳು ಹೇಳಿದವು. ಅದರಲ್ಲಿ ಬಹುಪಾಲು ಸಾಲ. ಆಗಲೇ ಸಾಲದಲ್ಲಿ ಮುಳುಗಿದ್ದ ದೇಶಕ್ಕೆ ಇನ್ನೊಂದಷ್ಟು ಸಾಲ! ಕೋಮಾಟಿ ಅನ್ನುವ ಹಳೆಯ ಸ್ಥಾವರ 2022ರಲ್ಲಿ ಮುಚ್ಚಿದರು, ಸುತ್ತಲಿನ ಊರಿನವರು ಕೆಲಸ ಕಳೆದುಕೊಂಡು ಕೂತರು. ಅದನ್ನು ನೋಡಿದ ಯಾವ ಗಣಿ ಕಾರ್ಮಿಕ ತಾನೇ ಸುಲಭವಾಗಿ ಒಪ್ಪುತ್ತಾನೆ?

ಇಷ್ಟೆಲ್ಲ ಹೇಳಿದ ಮೇಲೂ ನಾನು ಕೈಚೆಲ್ಲಿ ಕೂತಿಲ್ಲ. ಕಾರಣ ನಮ್ಮ ಪಂಪ್‌ಸೆಟ್.

ನಾನು ಚಿಕ್ಕವನಿದ್ದಾಗ ತ್ರೀ ಫೇಸ್ ಬರುತ್ತಿದ್ದದ್ದು ಬಹುತೇಕ ರಾತ್ರಿ. ಕಲ್ಲಿದ್ದಲು ಸ್ಥಾವರ ರಾತ್ರಿಯೂ ಓಡಲೇಬೇಕು, ಊರು ಮಲಗಿದ ಮೇಲೆ ಕರೆಂಟು ಉಳಿಯುತ್ತದೆ, ಅದನ್ನು ರೈತರಿಗೆ ಬಿಡುತ್ತಿದ್ದರು. ಅಪ್ಪ ಟಾರ್ಚ್, ದೊಣ್ಣೆ ಹಿಡಿದು ಕಬ್ಬಿನ ಗದ್ದೆಗೆ ಹೋಗುತ್ತಿದ್ದರು. ಹಾವು, ಹಂದಿ, ಈಚೆಗೆ ಚಿರತೆ. "ಕೊಡದಾದ್ರೆ ಹಗಲೊತ್ತು ಕೊಡ್ಲಿ ಕಣ್ಲಾ, ರಾತ್ರಿ ಕೊಟ್ಟು ಯಾರ್ ಪ್ರಾಣ ತೆಗಿಯಕೆ" ಅಂತ ಅವರು ಅಂದದ್ದು ಕಿವಿಯಲ್ಲೇ ಇದೆ. ಸೋಲಾರ್ ಬಂದಮೇಲೆ ರಾಜ್ಯದಲ್ಲಿ ಪಂಪ್‌ಸೆಟ್ ಕರೆಂಟಿನ ದೊಡ್ಡ ಪಾಲು ಹಗಲಿಗೆ ಬಂತು. ಬೆಳೆಗೆ ನೀರು ಮಧ್ಯಾಹ್ನ ಬಿಟ್ಟರೂ ನಡೆಯುತ್ತದೆ, ಸಂಜೆಗೆ ಕಾಯಬೇಕಿಲ್ಲ. ಲಕ್ಷಗಟ್ಟಲೆ ಪಂಪುಗಳು ಹಗಲಿಗೆ ಬಂದರೆ, ಒಂದು ಬ್ಯಾಟರಿಯನ್ನೂ ಕೊಳ್ಳದೆ ಅಷ್ಟು ಲೋಡು ಕಲ್ಲಿದ್ದಲಿನಿಂದ ಸೂರ್ಯನ ಕಡೆಗೆ ಹೋದಂತೆ. ರೈತರಿಗೆ ಸೋಲಾರ್ ತರುವ ಕೇಂದ್ರದ ಪಿಎಂ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ ಅಲ್ಲಿಂದ ಹೊರಡುವ ಲೈನಿನ, ಅಂದರೆ ಫೀಡರಿನ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕೊಡಬೇಕು ಅನ್ನುವುದು ಇದೇ ಲೆಕ್ಕ. ದೂರದಿಂದ ತಂತಿಯಲ್ಲಿ ಬರುವಾಗ ಸೋರಿಹೋಗುವುದೂ ಉಳಿಯುತ್ತದೆ. (ಒಂದು ಭಯ ಇದೆ. 10 ಎಚ್‌ಪಿವರೆಗೆ ಕರೆಂಟು ಉಚಿತ, ಹಗಲು ಪೂರ್ತಿ ಸಿಕ್ಕರೆ ಅಂತರ್ಜಲ ಇನ್ನೂ ಕೆಳಗೆ ಹೋಗುತ್ತದೆ. ನಾಲೆ ಬಯಲಿನವರಿಗಿಂತ ಬೋರ್ ನಂಬಿದ ನಮ್ಮಂಥವರು ಇದನ್ನು ಈಗಲೇ ಯೋಚಿಸಬೇಕು.)

ಸಂಜೆಯ ಗಂಟೂ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿದೆ. 2025ರಲ್ಲಿ ಮಧ್ಯಪ್ರದೇಶದ ಮೊರೇನಾದಲ್ಲಿ ಬ್ಯಾಟರಿ ಸೇರಿಸಿದ ಸೋಲಾರ್ ಯೋಜನೆಗೆ ಬಂದ ದರ ಯೂನಿಟ್‌ಗೆ 2 ರೂಪಾಯಿ 70 ಪೈಸೆ. ಸಂಜೆ ಹೊತ್ತೂ ಕೊಡಬೇಕು ಅನ್ನುವ ಷರತ್ತಿನ ಜೊತೆಗೇ. ನಾಲ್ಕು ವರ್ಷದ ಹಿಂದೆ ಯಾರಾದರೂ ಈ ದರ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಪಾಕಿಸ್ತಾನದಲ್ಲಿ ಸರ್ಕಾರದ ಕರೆಂಟಿನ ದರ ತಾಳಲಾರದೆ ಜನರೇ ಚಾವಣಿ ಮೇಲೆ ಪ್ಯಾನಲ್ ಹಾಕಿಕೊಂಡರು, 2024ರ ಒಂದೇ ವರ್ಷದಲ್ಲಿ ಚೀನಾದಿಂದ ಸುಮಾರು 17 ಗಿಗಾವ್ಯಾಟ್‌ನಷ್ಟು ಪ್ಯಾನಲ್ ಬಂತು. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕರೆಂಟು ಉಳಿದಾಗ ನೀರು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು) ಬೇಕು ಅಂತ ನಮ್ಮ ಸರ್ಕಾರ ಹೊರಟಿದೆ, ಸಿಂಗಳೀಕಗಳ ಕಾಡಿನ ಮಧ್ಯೆ. ನನಗೆ ಅದು ಒಪ್ಪಿಗೆ ಇಲ್ಲ. ಬ್ಯಾಟರಿ ಇಷ್ಟು ಇಳಿಯುತ್ತಿರುವಾಗ ಮಲೆನಾಡನ್ನು ಮತ್ತೆ ಅಗೆಯುವ ಅವಸರ ಏನಿದೆ?

ನಮ್ಮ ಕೈಯಲ್ಲಿ ಆಗುವ ಒಂದು ಕೆಲಸ ಇದೆ. ಕರೆಂಟಿನ ದರ ಏರಿಸುವ ಮುಂಚೆ, ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿಯವರು ಸಾರ್ವಜನಿಕ ವಿಚಾರಣೆ ನಡೆಸುತ್ತಾರೆ, ನಮ್ಮ ಭಾಗಕ್ಕೆ ಕರೆಂಟು ಹಂಚುವ ಕಂಪನಿ ಸೆಸ್ಕ್ ವ್ಯಾಪ್ತಿಯ ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗಿನವರು ಹೋಗಿ ಮಾತಾಡಬಹುದು. ಕೈಗಾರಿಕೆಯವರು ಬರುತ್ತಾರೆ, ರೈತ ಸಂಘದವರು ಬರುತ್ತಾರೆ, ಮನೆ ಬಳಕೆದಾರರು ತೀರಾ ಕಡಿಮೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಬರದಿದ್ದಾಗ ದರದ ಚರ್ಚೆಗೆ ಯಾಕೆ ಹೋಗಬೇಕು ಅನ್ನಿಸುತ್ತದೆ, ಅರ್ಥ ಆಗುತ್ತದೆ. ಆದರೂ ಬನ್ನಿ. ನಾನು ಕೇಳಬೇಕು ಅಂತಿರುವುದು ಮೂರು. ನಮ್ಮ ಐದು ಜಿಲ್ಲೆಗಳಲ್ಲಿ ಎಷ್ಟು ಪಂಪ್‌ಸೆಟ್ ಫೀಡರ್ ಪೂರ್ತಿ ಹಗಲಿಗೆ ಬಂದಿದೆ, ಉಳಿದವು ಯಾವಾಗ? ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಹಾಕುವ ಟೆಂಡರ್ ಕರೆಯುತ್ತೀರಾ, ಕರೆದರೆ ಯಾವ ವರ್ಷ? ಹೊಸದಾಗಿ 25 ವರ್ಷದ ಕಲ್ಲಿದ್ದಲು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆ ಎರಡರ ಖರ್ಚನ್ನು ಪಕ್ಕದಲ್ಲಿಟ್ಟು ಜನಕ್ಕೆ ತೋರಿಸುತ್ತೀರಾ? ವಿಚಾರಣೆಯ ತಾರೀಕು ಪತ್ರಿಕೆಯಲ್ಲಿ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಆಕ್ಷೇಪಣೆ ಬರೆದು ಕೊಡಲು ವಕೀಲರು ಬೇಕಿಲ್ಲ, ಕನ್ನಡದಲ್ಲಿ ಒಂದು ಪುಟ ಸಾಕು. ಬರೆಯಲು ಸಹಾಯ ಬೇಕಾದರೆ ಕೆಳಗೆ ತಿಳಿಸಿ, ಸೇರಿ ಬರೆಯೋಣ.